ಹಿತ್ತಲ ಬಾಗಿಲ ಚುಕ್ಕೆ

ಟಿವಿಯ ಕಪ್ಪು ಪರದೆಯ ಮೇಲೆ ಮೊದಲು ಒಂದು ಚೌಕ ಮೂಡಿತು. ಆಮೇಲೆ ಅದರೊಳಗೆ ಅಡ್ಡ ಗೆರೆ, ಉದ್ದ ಗೆರೆ, ಗೆರೆಗಳ ನಡುವೆ ಅಲ್ಲಲ್ಲಿ ಸಂದು. ನೋಡನೋಡುತ್ತ ಅದೊಂದು ಮನೆಯಾಯಿತು.

"ಗುರುತು ಹಿಡೀರಿ ನೋಡೋಣ ಮಾಮಾ, ಯಾರ ಮನಿ ಇದು?" ಎಂದ ಬಸವೇಶ್. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಹುರುಪಿತ್ತು.

ಸಂಜೆಯ ಬಸ್ಸಿಗೆ ಕೊಟ್ಟೂರಿನಿಂದ ಬಂದಿಳಿದಿದ್ದ ಸೋದರಮಾವ ಉಜ್ಜಿನಪ್ಪ ನಡುಮನೆಯ ಚಾಪೆಯ ಮೇಲೆ ಕಾಲು ಮಡಚಿ ಕೂತು ವಗ್ಗರಣಿ ಮಂಡಕ್ಕಿ ಮೆಲ್ಲುತ್ತಿದ್ದ. ಮೆಣಸಿನಕಾಯಿ ಬಜ್ಜಿಯನ್ನು ಬಾಯಿಯ ತನಕ ಒಯ್ದವನು ಅಲ್ಲೇ ನಿಲ್ಲಿಸಿದ.

"ಟಿವಿಯೊಳಗ ಮಂದಿ ಬರೋದು ನೋಡೀನಪಾ. ಮನೀನೂ ಬರತಾವೇನು?"

"ನಮ್ಮದ ಮನಿ. ಇದು ತಲಬಾಗಿಲು, ಇದು ಈಗ ನೀವು ಕೂತ ನಡುಮನಿ, ಇದು ಅವ್ವನ ಖೋಲಿ, ಇದು ಅಡಗಿಮನಿ. ಇಷ್ಟಗಲ ಖಾಲಿ ಕಾಣಸ್ತೈತಲ್ಲ, ಹಿತ್ತಲು. ಇಲ್ಲೆ ತುದಿಗೆ ಹಿತ್ತಲ ಬಾಗಿಲು."

"ಕಟ್ಟಿಸಿ ಸತ್ತಾವ ನಿಮ್ಮಪ್ಪ, ಗೆರಿ ಎಳದು ಹೆಸರು ಮಾಡಾವ ನೀನು!"

ತನ್ನ ಖೋಲಿಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದ ಗುರುಬಸಮ್ಮ ನಕ್ಕಳು. ತಮ್ಮ ಬಂದರೆ ಅವಳು ನಗುವುದು ರೂಢಿ. ಅರ್ಚನಾ ಚಹಾದ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಈಗ ನೋಡ್ರಿ ಮಜಾ," ಎಂದು ಬಸವೇಶ್ ಒಂದು ಗುಂಡಿ ಒತ್ತಿದ. ಮನೆಯ ನಡುವೆ ಬೆಳ್ಳಗಿನ ಒಂದು ಚುಕ್ಕೆ ಮೂಡಿತು, ಸಾಸಿವೆ ಕಾಳಿಗಿಂತ ತುಸು ದೊಡ್ಡದು. "ಮುಂಜಾನಿಂದ ಸಂಜಿತನಕ ಈ ಮನ್ಯಾಗ ಹೆಜ್ಜಿ ಎಲ್ಲೆಲ್ಲಿ ಓಡ್ಯಾಡೈತಿ, ಎಲ್ಲಾ ಇದಕ್ಕ ನೆನಪೈತಿ. ಪೂರಾ ದಿನಾನ ಒಂದು ಚಣದಾಗ ತೋರಸ್ತೈತಿ."

ಚುಕ್ಕೆ ತಲಬಾಗಿಲಿಗೆ ಹೋಯಿತು, ಒಳಗೆ ಬಂತು. ಅಡುಗೆಮನೆಗೆ ಹೋಯಿತು, ಹಿತ್ತಲಿಗೆ ಹೋಯಿತು, ಮತ್ತೆ ಅಡುಗೆಮನೆ. ಅರ್ಚನಾಗೆ ಮೊದಲು ಬಂದದ್ದು ನಗು. ಅದು ತಾನೇ! ಅಂಗಳಕ್ಕೆ ನೀರು ಹಾಕಿದ್ದು, ಹಿತ್ತಲಲ್ಲಿ ಮುಖ ತೊಳೆದದ್ದು, ಒಲೆ ಹೊತ್ತಿಸಿದ್ದು. ಬೆಳಗಿನಿಂದ ತಾನು ಸವೆಸಿದ ದಾರಿಯನ್ನೆಲ್ಲ ಆ ಕಾಳು ಗಡಬಡಿಸಿ ಸವೆಸುತ್ತಿತ್ತು. ನಗು ತುಟಿಗೆ ಬರುವಷ್ಟರಲ್ಲಿ ಅವಳಿಗೆ ಮಧ್ಯಾಹ್ನದ ನೆನಪಾಯಿತು.

ಕೈಯೊಳಗಿನ ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಈ ಚುಕ್ಕೆ ಇನ್ನು ಸ್ವಲ್ಪದರಲ್ಲೇ ಮಧ್ಯಾಹ್ನಕ್ಕೆ ಬಂದು ತಲುಪುತ್ತದೆ. ಆಗ ಅದು ಹಿತ್ತಲ ಬಾಗಿಲು ದಾಟುತ್ತದೆ. ಎಲ್ಲರೆದುರಿಗೆ.

*

ಬಸವೇಶ್ ಹಗರಿಬೊಮ್ಮನಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ. ಹಗಲೆಲ್ಲ ಊರಿನ ವೈರುಗಳ ಜೊತೆ, ಸಂಜೆ ಮನೆಯ ವೈರುಗಳ ಜೊತೆ. ಹರಪನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಮುರಿದ ಬೆಂಚು, ತೂತಾದ ಬಕೀಟುಗಳ ಜೊತೆ ಈ ಹಳೆಯ ಕಂಪ್ಯೂಟರನ್ನೂ ಹರಾಜಿಗೆ ಇಟ್ಟಿದ್ದರಂತೆ. ಸರ್ಕಾರದವರು ಎಂದೋ ಕೊಟ್ಟದ್ದು. ಮಾಸ್ತರರು ಮಕ್ಕಳು ಕೆಡಿಸುತ್ತಾರೆಂದು ಹೆದರಿ ಬೀರುವಿನಲ್ಲಿ ಬೀಗ ಹಾಕಿಟ್ಟೇ ಹಳತು ಮಾಡಿದ್ದು. ಬರೀ ಗುಂಡಿಗಳ ಹಲಗೆ, ಅದಕ್ಕೆ ಮುಖವಿಲ್ಲ. ಟಿವಿಗೆ ಸಿಕ್ಕಿಸಿದರೆ ಮುಖ ಬರುತ್ತದೆ. ಹೇಳಿಕೊಟ್ಟದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು. ಟೇಪ್ ರೆಕಾರ್ಡರ್ ಹಚ್ಚಿದರೆ ಕಿವಿ ಕೊರೆಯುವ ಕಿರ್ರೆನ್ನುವ ಸದ್ದು. "ಅದು ಅದರ ಭಾಷಾ," ಎನ್ನುತ್ತಿದ್ದ ಬಸವೇಶ್. "ಹಲ್ಲು ಕಡಿಯೋ ಭಾಷಾ," ಎನ್ನುತ್ತಿದ್ದಳು ಗುರುಬಸಮ್ಮ.

ಅದು ಮನೆಗೆ ಬಂದಾಗ ಅರ್ಚನಾಗೆ ಐದು ತಿಂಗಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವನ ಪಕ್ಕ ಕೂತು, ಅವನು ಕಾಯಿಸಿ ಅಂಟಿಸುವ ಸೀಸದ ಹೊಗೆಗೆ ಮೂಗು ಮುಚ್ಚಿಕೊಂಡು ನೋಡುತ್ತಿದ್ದಳು. ಅವನು ತೊಟ್ಟಿಲು ಮಾಡುತ್ತಿದ್ದ. ಕೂಸು ಅತ್ತರೆ ಮೈಕು ಅದನ್ನು ಕೇಳಿಸಿಕೊಳ್ಳಬೇಕು, ಮೈಕು ಕಂಪ್ಯೂಟರಿಗೆ ಹೇಳಬೇಕು, ಕಂಪ್ಯೂಟರು ಹಳೆಯ ಫ್ಯಾನಿನ ಮೋಟಾರಿಗೆ ಹೇಳಬೇಕು, ತೊಟ್ಟಿಲು ತಾನೇ ತೂಗಬೇಕು. "ಹಂಗಾರ ನಾ ಯಾಕ ಬೇಕು?" ಎಂದು ಅವಳು ಕೇಳಿದರೆ, "ಹಾಲಿಗೆ," ಎಂದು ಅವನು ನಕ್ಕಿದ್ದ.

ಎಂಟನೇ ತಿಂಗಳಲ್ಲೇ ಹುಟ್ಟಿದ ಗಂಡುಕೂಸು ಆ ತೊಟ್ಟಿಲಿನ ತನಕ ಬರಲೇ ಇಲ್ಲ. ಆಸ್ಪತ್ರೆಯಿಂದ ಅವಳು ಖಾಲಿ ಕೈಯಲ್ಲಿ ಮನೆಗೆ ಬಂದ ದಿನ ಅಟ್ಟದ ಮೇಲೆ ಮೋಟಾರು ಬೇರೆ, ತೊಟ್ಟಿಲ ಹಗ್ಗ ಬೇರೆ ಸುತ್ತಿಟ್ಟಿತ್ತು. ಬಸವೇಶ್ ಆ ವಿಷಯ ಆಡಲಿಲ್ಲ. ಅವಳೂ ಕೇಳಲಿಲ್ಲ. ಒಂದೇ ಹಾಸಿಗೆಯ ಎರಡು ಅಂಚಿನಲ್ಲಿ ಮಲಗಿ ಇಬ್ಬರೂ ಜಂತಿ ನೋಡಿದರು. ಆಮೇಲೆ ಅವನು ಮಷೀನಿನ ಮುಂದೆ ಕೂತವನು ಊಟಕ್ಕೆ ಎಬ್ಬಿಸಿದರಷ್ಟೇ ಏಳುತ್ತಿದ್ದ. ಈ ಸಲ ಕಳ್ಳರನ್ನು ಹಿಡಿಯುವ ಕೆಲಸ. ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ, ಎರಡು ತಗಡಿನ ನಡುವೆ ಹಳೇ ಹವಾಯಿ ಚಪ್ಪಲಿಯ ಸ್ಪಂಜನ್ನು ತೂತು ಮಾಡಿ ಇಟ್ಟು, ಪ್ರತಿ ಬಾಗಿಲ ಗೋಣಿತಟ್ಟಿನ ಕೆಳಗೂ ಒಂದೊಂದು ಹಾಸಿದ. ಕಾಲಿಟ್ಟರೆ ತಗಡಿಗೆ ತಗಡು ಮುಟ್ಟಿ, ನಡುಮನೆಯ ಮಷೀನು ಟುಣ್ ಅನ್ನುತ್ತಿತ್ತು.

ಮೊದಲ ವಾರ ಅದು ಸುಮ್ಮಸುಮ್ಮನೆ ಟುಣ್‌ಗುಟ್ಟಿ ಎಲ್ಲರನ್ನೂ ಗೋಳಾಡಿಸಿತು. ನೋಡಿದರೆ, ಬೆಳಿಗ್ಗೆ ಅರ್ಚನಾ ಹೊಸ್ತಿಲಿಗೆ ನೀರು ಹಾಕಿ ಅರಿಶಿನ ಬಳಿಯುವಾಗ ತಗಡಿನೊಳಗೆ ನೀರು ಇಳಿದಿತ್ತು. "ಹೊಸ್ತಿಲಿಗೆ ನೀರು ಹಾಕೋದು ಬಿಡು," ಎಂದ ಬಸವೇಶ್. "ನಿನ್ನ ತಗಡು ಬಿಡು," ಎಂದಳು ಗುರುಬಸಮ್ಮ. ಕೊನೆಗೆ ತಗಡುಗಳಿಗೆ ಹಾಲಿನ ಪಾಕೀಟಿನ ಪ್ಲಾಸ್ಟಿಕ್ ಅಂಗಿ ಬಂತು.

ಆ ಟುಣ್ ಸದ್ದಿಗೆ ಅರ್ಚನಾ ಹಲ್ಲಿಯ ಲೊಚಗುಟ್ಟುವಿಕೆಗೆ ಹೊಂದಿಕೊಂಡ ಹಾಗೆ ಹೊಂದಿಕೊಂಡಿದ್ದಳು. ಅದು ಪ್ರತಿಯೊಂದನ್ನೂ ನೆನಪಿಟ್ಟುಕೊಳ್ಳುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

*

ಹಾಲು ನಿಲ್ಲಲಿಲ್ಲ. ಕುಡಿಯುವವರಿಲ್ಲ ಎಂಬುದು ಎದೆಗೆ ಗೊತ್ತಾಗಲಿಲ್ಲ. ಗುರುಬಸಮ್ಮ ಹಡಗಲಿಯ ಬಸ್ಸಿನ ಕಂಡಕ್ಟರಿಗೆ ಹೇಳಿ ದಿನಾ ಮಲ್ಲಿಗೆ ತರಿಸಿದಳು. ಬಿರಿಯದ ಮೊಗ್ಗುಗಳನ್ನು ಬಟ್ಟೆಯಲ್ಲಿ ಹರವಿ ಸೊಸೆಯ ಎದೆಗೆ ಬಿಗಿದು ಕಟ್ಟಿದಳು. ಹಾಗೆ ಕಟ್ಟಿದರೆ ಹಾಲು ಇಂಗುತ್ತದಂತೆ. ಮುಡಿಯಬೇಕಾದ ಹೂವು ಎದೆಯ ಮೇಲೆ ಬಾಡುತ್ತಿತ್ತು. ಮೈಯೆಲ್ಲ ಮದುವಣಗಿತ್ತಿಯ ವಾಸನೆ, ಒಳಗೆ ಕಲ್ಲುಕಟ್ಟಿದ ನೋವು. ಆ ವಾಸನೆ ತಲೆಗೆ ಹತ್ತಿ ಅರ್ಚನಾ ಒಂದೆರಡು ಸಲ ವಾಂತಿ ಮಾಡಿಕೊಂಡಳು.

ಅಂಥದೊಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಗೋಡೆಯಾಚೆ ಕೂಸು ಅತ್ತಿತು. ಹಿಂದಿನ ಓಣಿಯ ಮಾರೇಶನ ಮನೆಯ ಹೆಣ್ಣುಕೂಸು. ಮಾರೇಶ ಶೇಂಗಾ ಮಿಲ್ಲಿನಲ್ಲಿ ಚೀಲ ಹೊರುವವನು. ಈ ಮನೆಯಲ್ಲಿ ಭಾರ ಎತ್ತುವುದಿದ್ದರೆ ಬಸವೇಶ್ "ಲೇ ಮಾರೇಶಾ" ಎಂದು ಗೋಡೆಯ ಮೇಲಿಂದ ಕೂಗುತ್ತಿದ್ದ. ಅವನ ಹೆಂಡತಿ ಹೊನ್ನೂರಮ್ಮ ಹೆರಿಗೆಯಾದಂದಿನಿಂದ ಜ್ವರದಲ್ಲಿ ಮಲಗಿದ್ದಳು, ಎದೆಯಲ್ಲಿ ಹನಿ ಹಾಲಿರಲಿಲ್ಲ. ನೀರು ಬೆರೆಸಿದ ಎಮ್ಮೆಯ ಹಾಲು ಕೂಸಿಗೆ ದಕ್ಕುತ್ತಿರಲಿಲ್ಲ. ಅಳು ಕೇಳುತ್ತಿದ್ದಂತೆ ಅರ್ಚನಾಳ ಎದೆಯ ಮಲ್ಲಿಗೆಯೆಲ್ಲ ತೊಯ್ದುಹೋಯಿತು. ಬೂದಿಗೈಯಲ್ಲೇ ಎದ್ದಳು. ಹಿತ್ತಲ ಬಾಗಿಲ ಅಗುಳಿ ತೆಗೆದದ್ದು ಅವಳಿಗೆ ನೆನಪಿಲ್ಲ.

ಮಾರೇಶನ ಮುದಿತಾಯಿ ಭರಮಮ್ಮ ಇವಳನ್ನು ನೋಡಿದಳು, ಇವಳ ಕುಪ್ಪಸ ನೋಡಿದಳು. ಒಂದು ಮಾತೂ ಆಡದೆ ಕೌದಿ ಹಾಸಿದಳು, ಕದ ಮುಂದೆ ಮಾಡಿದಳು.

ಆ ಓಣಿಯವರ ಕೈಯಿಂದ ನೀರು ಕುಡಿಯುವ ಮನೆಯಲ್ಲ ಇದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ತಾನು. ಮೊದಲ ದಿನ ಅರ್ಚನಾ ಬೆಳ್ಳಿಯ ಕರಡಿಗೆಯನ್ನು ಬೆನ್ನಿನ ಕಡೆಗೆ ಸರಿಸಿಕೊಂಡೇ ಕೂಸನ್ನು ಎತ್ತಿಕೊಂಡಿದ್ದಳು. ಆದರೆ ಕೂಸಿನ ಕೈ ಹುಡುಕಿ ಹುಡುಕಿ ಕರಡಿಗೆಯ ಶಿವದಾರವನ್ನೇ ಹಿಡಿಯಿತು. ಮೂರ್ನಾಲ್ಕು ಸಲ ಬಿಡಿಸಿದಳು. ಆಮೇಲೆ ಬಿಡಿಸುವುದನ್ನು ಬಿಟ್ಟಳು. ಮೂಲೆಯಲ್ಲಿ ಮಲಗಿದ ಹೊನ್ನೂರಮ್ಮ ಗೋಡೆಗೆ ಮುಖ ಮಾಡಿಕೊಂಡಿದ್ದಳು. ಅವಳ ಬೆನ್ನು ಅದುರುತ್ತಿತ್ತು. ಜ್ವರಕ್ಕೋ ಅಳುವಿಗೋ ಅರ್ಚನಾ ಕೇಳಲಿಲ್ಲ. ತನ್ನ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದರೆ ತಾನೂ ಹಾಗೆಯೇ ಗೋಡೆ ನೋಡುತ್ತಿದ್ದೆ ಎನ್ನಿಸಿತ್ತು.

ಹೀಗೆ ನಡೆಯುತ್ತ ಬಂದಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ, ಅತ್ತೆ ಖೋಲಿಯಲ್ಲಿ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ ಮೇಲೆ, ಅವಳು ಹೋಗಿ ಬರುತ್ತಿದ್ದಳು. ಕೂಸಿನ ಕೆನ್ನೆ ತುಂಬತೊಡಗಿತ್ತು. ಅತ್ತೆ ಯಾಕೋ ಮಲ್ಲಿಗೆ ತರಿಸುವುದನ್ನು ನಿಲ್ಲಿಸಿದ್ದಳು, ಮರೆತಳೇನೋ. ಕೂಸಿಲ್ಲದ ಬಾಣಂತಿಗೆ ಯಾತಕ್ಕೆ ಎಂದು ಬಿಟ್ಟಿದ್ದ ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ ಖಾರ, ಕೊಬ್ಬರಿ ಮತ್ತೆ ತಟ್ಟೆಗೆ ಬರತೊಡಗಿದ್ದವು. "ಉಣ್ಣು, ಸೊರಗೀದಿ," ಎನ್ನುತ್ತಿದ್ದಳು ಅತ್ತೆ. ಅರ್ಚನಾ ಉಣ್ಣುತ್ತಿದ್ದಳು. ಅದರ ಬಗ್ಗೆ ಯೋಚಿಸಿರಲಿಲ್ಲ.

ಗೊತ್ತಾದರೆ ಹಿತ್ತಲ ಬಾಗಿಲಿಗೆ ಬೀಗ ಬೀಳುತ್ತದೆ ಎಂಬುದಷ್ಟೇ ಅವಳ ಹೆದರಿಕೆ. ಬೈಗುಳಕ್ಕಲ್ಲ, ಹೊಡೆತಕ್ಕಲ್ಲ, ಆ ಬೀಗಕ್ಕೆ. ಬೀಗ ಬಿದ್ದರೆ ಗೋಡೆಯಾಚೆಯ ಕೂಸು ಮತ್ತೆ ಎಮ್ಮೆಯ ಹಾಲಿಗೆ ಬೀಳುತ್ತದೆ, ತಾನು ಮಲ್ಲಿಗೆಗೆ ಬೀಳುತ್ತೇನೆ.

*

ಪರದೆಯ ಮೇಲೆ ಚುಕ್ಕೆ ಅಡುಗೆಮನೆಯಿಂದ ಹಿತ್ತಲಿಗೆ ಇಳಿಯಿತು. ತುದಿಗೆ ನಡೆಯಿತು. ಸಂದಿನೊಳಗಿಂದ ತೂರಿ ಮನೆಯ ಗೆರೆಗಳಾಚೆಯ ಕಪ್ಪಿಗೆ ಹೋಗಿ ನಿಂತಿತು.

ನಿಂತೇ ಇತ್ತು.

ಬಾ, ಒಳಗೆ ಬಾ ಎಂದು ಅರ್ಚನಾ ಆ ಕಾಳನ್ನು ಮನಸ್ಸಿನಲ್ಲೇ ಬೇಡಿಕೊಂಡಳು. ಆ ಹೊತ್ತು ತನಗೆ ರೆಪ್ಪೆ ಬಡಿದಷ್ಟು ಸಣ್ಣದಾಗಿತ್ತು. ಇಲ್ಲಿ ನೋಡಿದರೆ ಎಷ್ಟು ಉದ್ದ! ಇಷ್ಟು ಹೊತ್ತು ಕೂತಿದ್ದೆನೇ ಅಲ್ಲಿ?

"ಅದ್ಯಾಕಪಾ, ಹೊರಗ ಹೋಗಿದ್ದು ಒಳಗ ಬರವಲ್ದು?" ಉಜ್ಜಿನಪ್ಪ ನಕ್ಕ. "ಕೆಟ್ಟತೇನು ನಿನ್ನ ಪೆಟಿಗಿ? ಆ ಬಾಗಿಲು ತಗಿಯೋರು ಯಾರಪಾ ಮಧ್ಯಾಹ್ನದಾಗ?"

"ಮಧ್ಯಾಹ್ನ ಕರೆಂಟ್ ಹೋಗಿತ್ತರೀ," ಎಂದಳು ಅರ್ಚನಾ. ಅದು ತನ್ನದೇ ದನಿ ಎಂದು ಅವಳಿಗೆ ಅನ್ನಿಸಲಿಲ್ಲ. "ಅದಕ್ಕ ಹಂಗ ಮಾಡಿರಬೇಕು."

ಕರೆಂಟು ಹೋದರೆ ಮಷೀನು ಎಲ್ಲವನ್ನೂ ಮರೆಯುತ್ತದೆಂದು ಅವನೇ ಎಷ್ಟೋ ಸಲ ಗೊಣಗಿದ್ದನ್ನು ಅವಳು ಕೇಳಿದ್ದಳು. ಹೌದು ಅನ್ನಲಿ. ಕೆಟ್ಟಿದೆ ಅನ್ನಲಿ. ಒಂದು ಮಾತು.

"ಮರಿಯೋದು ಹಳೇ ಕಥಿ," ಎಂದ ಬಸವೇಶ್ ಹೆಮ್ಮೆಯಿಂದ. "ಮೊನ್ನೆನ ಬ್ಯಾಟರಿ ಕೂಡಿಸೀನಿ. ಕರೆಂಟ್ ಹೋದರೂ ಇದಕ್ಕ ಎಚ್ಚರ ತಪ್ಪಂಗಿಲ್ಲ. ಇದು ಕೆಟ್ಟಿಲ್ಲ ಮಾಮಾ. ಯಾರೋ ಹೋಗ್ಯಾರ."

ಚುಕ್ಕೆ ಒಳಗೆ ಬಂತು. ಅಡುಗೆಮನೆ. ನಡುಮನೆ. ಮತ್ತೆ ಹಿತ್ತಲು. ಮತ್ತೆ ಆ ಸಂದು, ಮತ್ತೆ ಆ ಕಪ್ಪು.

"ಮತ್ತ ಹೋತು!" ಉಜ್ಜಿನಪ್ಪ ತಟ್ಟೆ ಕೆಳಗಿಟ್ಟ. ಈಗ ಅವನು ನಗುತ್ತಿರಲಿಲ್ಲ. "ಹಿಂದ ಇರೋದು ಆ ಓಣಿ. ಅಲ್ಲಿ ಏನು ಕೆಲಸ ನಮ್ಮ ಮನಿಯವರಿಗೆ?"

"ನಾ ಹೋಗಿದ್ದೆ," ಎಂದಳು ಗುರುಬಸಮ್ಮ.

ಅರ್ಚನಾ ಬೆಚ್ಚಿ ಅತ್ತೆಯ ಕಡೆ ತಿರುಗಿದಳು. ಗುರುಬಸಮ್ಮ ಮಂಡಿ ನೀವಿಕೊಳ್ಳುತ್ತ, ಟಿವಿಯಲ್ಲಿ ನಾಟಕ ನೋಡುವವಳ ಹಾಗೆ ಕೂತಿದ್ದಳು.

"ನೀನಾ? ಅಕ್ಕಾ, ನಿನಗ ತಲಬಾಗಿಲ ಮೆಟ್ಲ ಇಳಿಯಾಕ ಆಗವಲ್ದು!"

"ಹಿತ್ತಲಿಗೆ ಮೆಟ್ಲಿಲ್ಲ. ಕುಂತು ಕುಂತು ಕಾಲು ಹಿಡಕಂತಾವ. ಅಡ್ಡಾಡಿ ಬಂದೆ. ನಿನ್ನ ಕೇಳಿ ಹೋಗಬೇಕಿತ್ತೇನು?"

ಅಷ್ಟಕ್ಕೇ ಮುಗಿಯುತ್ತಿತ್ತು. ಉಜ್ಜಿನಪ್ಪ ಅಕ್ಕನ ಬಾಯಿಗೆ ಹೆದರಿ ಮತ್ತೆ ತಟ್ಟೆಗೆ ಕೈ ಹಾಕಿದ್ದ. ಆದರೆ ಬಸವೇಶ್‌ನ ಹುಬ್ಬು ಗಂಟಾಗಿತ್ತು. ಅರ್ಚನಾಗೆ ಆ ಗಂಟು ಗೊತ್ತು. ವೈರು ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಬರುವ ಗಂಟು. ಹೆಂಡತಿಯ ಮೇಲೆ ಅನುಮಾನವಲ್ಲ ಅದು, ತಾಯಿಯ ಮೇಲೆ ಸಿಟ್ಟಲ್ಲ. ಲೆಕ್ಕ ಕೂಡಲಿಲ್ಲ ಎಂಬ ಕಿರಿಕಿರಿ, ಅಷ್ಟೇ.

"ಆಗಂಗಿಲ್ಲ ಅವ್ವಾ," ಎಂದ ಪರದೆಯ ಮೇಲೆ ಬೆರಳಿಟ್ಟು. "ನಿನ್ನ ಖೋಲಿ ಬಾಗಿಲಿಗೂ ತಗಡು ಐತಿ. ಮಧ್ಯಾಹ್ನ ಅದು ಬಡಕಂಡೇ ಇಲ್ಲ. ನೀ ಮಲಗಿದಾಕಿ ಎದ್ದದ್ದು ಸಂಜೀಗೆ."

"ದಾಟಿ ಹೋಗೀನಿ. ತಗಡು ತುಳಿಯಾಕ ನನಗೇನು ಗರಜು?"

"ಈ ಮಂಡಿ ಇಟ್ಕಂಡು ಅಷ್ಟು ಅಗಲ ದಾಟೀದಿ?" ಬಸವೇಶ್ ನಕ್ಕೇಬಿಟ್ಟ. ಒಗಟು ಬಿಡಿಸಿದವನ ನಗು. "ಅವ್ವ ಖೋಲಿಯಾಗ. ನಾನು ಎಕ್ಸ್‌ಚೇಂಜಿನಾಗ. ತಲಬಾಗಿಲು ಯಾರೂ ತುಳಿದಿಲ್ಲ, ಅಂದರ ಹೊರಗಿನವರು ಬಂದಿಲ್ಲ. ಚುಕ್ಕಿ ಹೊಂಟಿದ್ದು ಅಡಗಿಮನಿಂದ. ಹಂಗಾರ ಹೋದಾಕಿ..."

ಅಲ್ಲಿಗೆ ಅವನ ಬಾಯಿ ನಿಂತಿತು.

ನಗು ಇನ್ನೂ ಮುಖದ ಮೇಲೇ ಇತ್ತು, ಅದನ್ನು ತೆಗೆಯುವುದು ಅವನಿಗೆ ಮರೆತಿತ್ತು. ಹಾಗೆಯೇ ತಿರುಗಿ ಹೆಂಡತಿಯನ್ನು ನೋಡಿದ. ತಾನೇ ಹೆಣೆದ ಮಾತಿನ ತುದಿಯಲ್ಲಿ ಅವಳು ನಿಂತಿರುವುದು ಅವನಿಗೆ ಈಗಷ್ಟೇ ಕಂಡ ಹಾಗಿತ್ತು.

"ಅರ್ಚನಾ?"

ಎಷ್ಟು ತಿಂಗಳ ಮೇಲೆ ಅವನು ತನ್ನ ಹೆಸರು ಹಿಡಿದು ಕರೆದದ್ದು! ಅದೂ ಹೀಗೆ. ಉಜ್ಜಿನಪ್ಪನ ಕಣ್ಣು ಅವಳ ತಲೆಯಿಂದ ಕಾಲಿನ ತನಕ ಒಮ್ಮೆ ಹರಿದು ಹೋಯಿತು. ಆ ನೋಟದಲ್ಲಿ ಏನೇನು ಅನುಮಾನವಿದೆ ಎಂದು ಅವಳಿಗೆ ಹೊಳೆದದ್ದು ಒಂದು ಗಳಿಗೆ ತಡವಾಗಿ. ಹೊಳೆದಾಗ ಕಿವಿ ಸುಟ್ಟ ಹಾಗಾಯಿತು. ಹಾಲಿನ ಬಗ್ಗೆ ಮಾತ್ರ ಹೆದರಿದ್ದಳು ಅವಳು. ಇಂಥದ್ದೂ ಇರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಹಾಲು ಕುಡಸಾಕ ಹೋಗಿದ್ಲು," ಎಂದಳು ಗುರುಬಸಮ್ಮ.

ಅರ್ಚನಾಳ ಕೈಯಲ್ಲಿ ತಟ್ಟೆ ಒಂದು ಕಡೆ ವಾಲಿ ಚಹಾ ನೆಲಕ್ಕೆ ಸುರಿಯಿತು.

"ಮಾರೇಶನ ಕೂಸಿಗೆ. ಹೊನ್ನೂರಮ್ಮಗ ಹಾಲಿಲ್ಲ, ಇಕಿಗೆ ಕೂಸಿಲ್ಲ. ನಾ ಖೋಲಿ ಕಿಡಕ್ಯಾಗಿಂದ ನೋಡ್ತೀನಿ ದಿನಾ. ಮಲಗಿದಾಕಿ ಹಂಗ ಮಲಗಿರ್ತೀನಿ."

ಮಲ್ಲಿಗೆ ನಿಂತದ್ದು. ಸಬ್ಬಸಗಿ, ಬೆಳ್ಳುಳ್ಳಿ, ಕೊಬ್ಬರಿ. ಉಣ್ಣು, ಸೊರಗೀದಿ. ಒಂದೊಂದೂ ಬಂದು ಅರ್ಚನಾಳ ಎದೆಗೆ ಬಡಿಯಿತು. ಸಮಾಧಾನವೇನೂ ಆಗಲಿಲ್ಲ ಅವಳಿಗೆ, ಮೈ ತಣ್ಣಗಾಯಿತು. ಇಷ್ಟು ದಿನ ಉಸಿರು ಬಿಗಿಹಿಡಿದು, ಅಗುಳಿ ಸದ್ದಾಗದಂತೆ ಬೆರಳು ಕೊಟ್ಟು, ಕಳ್ಳಿಯ ಹಾಗೆ ಓಡಾಡಿದ್ದೆಲ್ಲ ಈ ಮುದುಕಿಗೆ ಗೊತ್ತಿತ್ತೇ! ಒಂದು ಮಾತು ಹೇಳಬಾರದಿತ್ತೇ ನನಗೆ?

"ಅಕ್ಕಾ!" ಉಜ್ಜಿನಪ್ಪ ಎದ್ದು ನಿಂತ. ಕೈಯ ಮಂಡಕ್ಕಿ ಚಾಪೆಯ ಮೇಲೆ ಉದುರಿತು. "ಲಿಂಗ ಕಟ್ಟಿದ ಮೈ ಅದು! ಆ ಓಣಿ ಕೂಸನ್ನ ಎದಿಗೆ ಹಾಕ್ಕಂಡಾಳ ಅಂತೀದಿ, ನೀ ನೋಡಿ ಸುಮ್ಮನ ಮಲಗಿದ್ದೆ ಅಂತೀದಿ! ಮಠಕ್ಕ ತಿಳಿದರ ಏನು ಉತ್ತರ ಕೊಡ್ತೀದಿ? ಲೇ ಬಸು, ಮೊದಲು ಆ ಬಾಗಿಲಿಗೆ ಬೀಗ ಜಡಿ."

ಬೀಗ. ಆ ಮಾತು ಬಂದೇಬಿಟ್ಟಿತು.

"ಕುಂದ್ರು ತಮ್ಮಾ," ಎಂದಳು ಗುರುಬಸಮ್ಮ. ದನಿ ಏರಿಸಲಿಲ್ಲ. "ಬೀಗ ಹಾಕೋದಿದ್ದರ ಮೂವತ್ತು ವರ್ಷದ ಹಿಂದ ಹಾಕಬೇಕಿತ್ತು. ಆಗ ಹಾಕಿದ್ದರ ಬೀಗ ಜಡಿಯಾಕ ಈ ಬಸು ಇರತಿದ್ದಿಲ್ಲ."

ಬಸವೇಶ್ ತಾಯಿಯನ್ನು ನೋಡಿದ.

"ನೀ ಹುಟ್ಟಿದಾಗ ನನಗ ಎದಿ ಬಾವು. ಕೀವು ತುಂಬಿ ಜ್ವರ ಏರಿ ಎಚ್ಚರಿದ್ದಿಲ್ಲ. ನೀ ಅತ್ತೂ ಅತ್ತೂ ದನಿ ಹೋಗಿತ್ತು. ನಮ್ಮತ್ತಿ ಹಿತ್ತಲ ಬಾಗಿಲು ತಗದು ಭರಮಮ್ಮನ ಕರದ್ಲು. ಆಕಿ ಮಾರೇಶನ್ನ ಹಡದು ತಿಂಗಳಾಗಿತ್ತು. ಇಲ್ಲೇ, ಈ ಹಿತ್ತಲ ಬಾಗಿಲ ಹೊಸ್ತಿಲದಾಗ ಕುಂತು, ಒಂದು ಕಡಿ ಮಾರೇಶ, ಒಂದು ಕಡಿ ನೀನು. ನಿಮ್ಮಪ್ಪಗ ಗೊತ್ತಿದ್ದಿಲ್ಲ. ನಮ್ಮತ್ತಿ ಸಾಯೋ ಮುಂದ ನನ್ನ ಕೈ ಹಿಡದು, ಬಾಯಿ ಬಿಡಬ್ಯಾಡ ಅಂದ್ಲು. ಬಿಟ್ಟಿದ್ದಿಲ್ಲ." ಅವಳು ಟಿವಿಯ ಕಡೆ ಗದ್ದ ತೋರಿಸಿದಳು. "ಇವತ್ತು ನಿನ್ನ ಈ ಪೆಟಿಗಿ ಬಿಡಿಸ್ತು."

ಬಸವೇಶ್‌ನ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ಅವನ ಕೈ ತನಗೆ ತಾನೇ ಮೇಲೆದ್ದು ಕೊರಳ ಕರಡಿಗೆಯನ್ನು ಮುಟ್ಟಿತು, ಅಲ್ಲೇ ಉಳಿಯಿತು. ಮೊನ್ನೆ ತಾನೇ ಈ ಟಿವಿಯನ್ನು ಮೇಜಿನ ಮೇಲೆತ್ತಿ ಇಡಲು "ಲೇ ಮಾರೇಶಾ" ಎಂದು ಕೂಗಿದ್ದ; ಮಾರೇಶ ಬಂದು ಎತ್ತಿಟ್ಟು, ಅಂಗಳದಲ್ಲಿ ನಿಂತು ಮೇಲಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದು ಹೋಗಿದ್ದ. ಅದೇ ಅವನಿಗೆ ನೆನಪಾಗಿರಬೇಕು ಎಂದು ಅರ್ಚನಾಗೆ ಅನ್ನಿಸಿತು. ಯಾಕೆಂದರೆ ಅವಳಿಗೂ ಅದೇ ನೆನಪಾಗಿತ್ತು. ನೀರು ಹೊಯ್ದವಳು ಅವಳೇ.

ಉಜ್ಜಿನಪ್ಪ ಕೂರಲೂ ಆಗದೆ ಹೋಗಲೂ ಆಗದೆ ನಿಂತಿದ್ದ. "ಸುಳ್ಳು," ಎಂದ ಕೊನೆಗೆ. "ಸೊಸಿನ್ನ ಉಳಿಸಾಕ ಸುಳ್ಳು ಹೇಳಾಕಹತ್ತೀದಿ."

"ಒಂದು ಸುಳ್ಳು ಹೇಳಿದ್ದೆ, ನಾ ಅಡ್ಡಾಡಾಕ ಹೋಗಿದ್ದೆ ಅಂತ. ಅದನ್ನ ನನ್ನ ಮಗ ಹಿಡದ. ಇದನ್ನೂ ಹಿಡಿ ಅನ್ನು ನೋಡೋಣ."

ಆಗ ಗೋಡೆಯಾಚೆ ಕೂಸು ಅತ್ತಿತು.

ಮೊದಲು ಕುಂಯ್‌ಗುಟ್ಟುವ ಅಳು, ಆಮೇಲೆ ಬಿಕ್ಕಿ ಬಿಕ್ಕಿ. ಸಂಜೆಯ ಹೊತ್ತಿಗೆ ಅರ್ಚನಾ ಎಂದೂ ಹೋದವಳಲ್ಲ. ಸಂಜೆ ಗಂಡ ಮನೆಯಲ್ಲಿರುತ್ತಾನೆ. ಸಂಜೆಯ ಅಳುವನ್ನು ಅವಳು ಹಲ್ಲು ಕಚ್ಚಿ ಸಹಿಸುತ್ತ ಬಂದವಳು. ಈಗಲೂ ಕುಪ್ಪಸ ತೊಯ್ಯತೊಡಗಿತು. ಸೆರಗು ಎಳೆದುಕೊಳ್ಳಲು ಕೈಯೆತ್ತಿದಳು, ಕೈ ಅರ್ಧಕ್ಕೇ ನಿಂತಿತು. ಯಾರಿಗೆ ಮುಚ್ಚಿಡುವುದು ಇನ್ನು? ಮೂವರೂ ಅದನ್ನೇ ಕೇಳುತ್ತಿದ್ದರು. ಅಟ್ಟದ ಮೇಲೆ ಸುತ್ತಿಟ್ಟ ಮೋಟಾರನ್ನು ತಿರುಗಿಸಬೇಕಿದ್ದ ಅಳು, ಇನ್ನೊಬ್ಬರ ಮನೆಯಿಂದ ಬಂದು ಈ ನಡುಮನೆಯನ್ನೆಲ್ಲ ತುಂಬಿತು.

ಬಸವೇಶ್ ಮುಖ ಮುಚ್ಚಿಕೊಂಡ.

ಅವನು ಹೋಗು ಎನ್ನಲಿಲ್ಲ. ಬೇಡ ಎನ್ನಲಿಲ್ಲ. ಅರ್ಚನಾ ತಟ್ಟೆಯನ್ನು ನೆಲಕ್ಕಿಟ್ಟಳು. ಚೆಲ್ಲಿದ ಚಹಾವನ್ನು ದಾಟಿ, ಅಡುಗೆಮನೆ ದಾಟಿ ಹಿತ್ತಲಿಗೆ ಇಳಿದಳು. ಬೆನ್ನ ಹಿಂದೆ ಮಷೀನು ಒಮ್ಮೆ ಟುಣ್ ಎಂದಿತು. ಆ ಸದ್ದಿಗೆ ಈಗ ಅವಳ ಮೈ ಜುಮ್ಮೆಂದಿತು. ತಾನೆಲ್ಲಿದ್ದೇನೆ ಎಂದು ಅದು ಮನೆಗೆಲ್ಲ ಹೇಳುತ್ತಿತ್ತು. ಹೇಳಲಿ. ಹಿತ್ತಲ ಬಾಗಿಲ ಅಗುಳಿಗೆ ಬೆರಳು ಅಡ್ಡ ಕೊಡದೆ ಎಳೆದಳು. ಕಬ್ಬಿಣ ಕಬ್ಬಿಣಕ್ಕೆ ಬಡಿದು ಓಣಿಗೆಲ್ಲ ಕೇಳಿತು. ದಾಟುವಾಗ ತಗಡಿನ ಮೇಲೇ ಕಾಲಿಟ್ಟಳು, ಪೂರ್ತಿ ಭಾರ ಬಿಟ್ಟು.

ಟುಣ್.

ಓಣಿಯಲ್ಲಿ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಒಳಗಿನಿಂದ ಮತ್ತೆ ಟುಣ್. ಅವಳು ನಿಂತಳು. ಅಡುಗೆಮನೆಯ ಬಾಗಿಲದು. ಯಾರು? ಬೀಗ ಹಿಡಿದು ಬರುತ್ತಿರುವವನು ಉಜ್ಜಿನಪ್ಪ ಮಾವನೇ? ತಿರುಗಿ ನೋಡಲು ಕೊರಳು ಬಗ್ಗಲಿಲ್ಲ. ಹಿತ್ತಲ ಹಾಸುಗಲ್ಲಿನ ಮೇಲೆ ಕಾಲು ಎಳೆಯುವ ಸದ್ದು, ನಡುನಡುವೆ ಕೋಲು ಕುಟ್ಟುವ ಸದ್ದು.

"ತಡಿ, ನಾನೂ ಬಂದೆ," ಎಂದಳು ಗುರುಬಸಮ್ಮ, ಏದುಸಿರು ಬಿಡುತ್ತ. "ಅಡ್ಡಾಡಾಕ ಹೋಗಿದ್ದೆ ಅಂತ ಹೇಳೀನಲ್ಲ, ಅದಾರ ಖರೆ ಆಗಲಿ."

ಹೊಸ್ತಿಲ ಮುಂದೆ ಅವಳು ಕೋಲೂರಿ ಕಾಲೆತ್ತಲು ತಡವರಿಸುತ್ತಿದ್ದಾಗ ನಡುಮನೆಯಿಂದ ಬಸವೇಶ್‌ನ ದನಿ ಬಂತು. ಒಡೆದ ದನಿ.

"ಅವ್ವಾ, ಹುಷಾರು. ಅಲ್ಲಿ ಬಲಕ್ಕ ವೈರ್ ಐತಿ. ಕಾಲಿಗೆ ತೊಡಕೀತು."

ಗುರುಬಸಮ್ಮ ಎಡಕ್ಕೆ ಸರಿದು ದಾಟಿದಳು. ಅರ್ಚನಾ ಹಿಂತಿರುಗಿ ಬಂದು ಕೈ ಕೊಟ್ಟಳು. ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನ್ನಿಸಿತು. ಅತ್ತೆಯ ಅಂಗೈ ಬೆವರಿ ತಣ್ಣಗಿತ್ತು. ಅವಳಿಗೂ ಹೆದರಿಕೆ ಇತ್ತು ಎಂಬುದು ಅರ್ಚನಾಗೆ ಆಗ ತಿಳಿಯಿತು. ಕೇಳಲಿಲ್ಲ.

ಮಾರೇಶನ ಮನೆಯ ಕದ ತೆರೆದಿತ್ತು. ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದ ಭರಮಮ್ಮ ಅರ್ಚನಾಳನ್ನು ನೋಡಿ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಹಿಂದೆ ಕೋಲೂರಿ ನಿಂತವಳನ್ನು ನೋಡಿ, ಬಂದ ಹೆಜ್ಜೆಯಲ್ಲೇ ನಿಂತುಬಿಟ್ಟಳು. ತಟ್ಟುತ್ತಿದ್ದ ಕೈ ಕೂಸಿನ ಬೆನ್ನ ಮೇಲೆ ಹಾಗೇ ಉಳಿಯಿತು.

ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಹೊನ್ನೂರಮ್ಮ ಈ ಕಡೆ ಹೊರಳಿ, ಮೊಣಕೈಯ ಮೇಲೆ ಎದ್ದು ನೋಡಿದಳು.

"ಏನು ನೋಡ್ತೀದಿ ಭರಮೀ," ಎಂದಳು ಗುರುಬಸಮ್ಮ. "ಕುಂದ್ರಾಕ ಇನ್ನೊಂದು ಕೌದಿ ಹಾಸು."

ಅರ್ಚನಾ ಭರಮಮ್ಮನ ಹೆಗಲಿನಿಂದ ಕೂಸನ್ನು ಎತ್ತಿಕೊಂಡಳು. ಕೂಸಿನ ಕೈ ಕತ್ತಲಲ್ಲೇ ಹುಡುಕಿ ಶಿವದಾರವನ್ನು ಹಿಡಿಯಿತು.